ಫೇಸ್ ಹೋದ ಹೊತ್ತು

ಅಕ್ಕಲಕೋಟ ರಸ್ತೆಯ ಶೆಡ್ಡಿನಲ್ಲಿ ಮೇ ತಿಂಗಳು,
ಸೊಲ್ಲಾಪುರಕ್ಕೆ ನಲವತ್ತಮೂರು ಡಿಗ್ರಿ. ಹತ್ತಿಯ ಧೂಳು
ರೆಪ್ಪೆಗೂ ಹುಬ್ಬಿಗೂ ನರೆ ಬರಿಸಿದೆ.
ಹನ್ನೆರಡು ಮಗ್ಗಗಳ ಗದ್ದಲದಲ್ಲಿ
ಅಂಬಾದಾಸ ಕುಂದೂರಿ ನನ್ನ ಚೀಲದ ಫೋಟೊವನ್ನು
ಚಾದರದ ಹಾಗೆ ಬೆಳಕಿಗೆ ಹಿಡಿದ.
ಕಪ್ಪು ಪಟ್ಟಿ, ಬಿಳಿ ಪಟ್ಟಿ, ಕಪ್ಪು ಪಟ್ಟಿ.

"ಹಾಸು ಯಾರು ಕಟ್ಟ್ಯಾರ್ರಿ, ಟೀಚರ?"
ಯಾರೂ ಕಟ್ಟಿಲ್ಲ.
ಎರಡು ಚಿಟಿಕೆ ರುಬಿಡಿಯಂ. ಚಿಟಿಕೆಯೂ ಹೆಚ್ಚಾಯಿತು,
ನಿಮ್ಮ ರೆಪ್ಪೆಯ ಧೂಳಿಗಿಂತ ಹಗುರ, ಎರಡು ಮೋಡ.
ನಕ್ಷತ್ರಗಳ ನಡುವಿನ ಕತ್ತಲಿಗಿಂತ ತಣ್ಣಗೆ ಮಾಡಿ
ಬೇರೆ ಬೇರೆ ಕೂಡಿಹಾಕಿ
ಒಮ್ಮೆಗೇ ಕೈಬಿಟ್ಟರು. ಬಿದ್ದವು,
ಬೀಳುತ್ತ ಹರಡಿದವು, ಹರಡುತ್ತ ಒಂದರೊಳಗೊಂದು ಹೊಕ್ಕವು.
ಅಲ್ಲಿಯವರೆಗೆ ಒಂದರ ಮುಖ ಒಂದು ಕಂಡಿರಲಿಲ್ಲ.

ಕಪ್ಪು ಪಟ್ಟಿಯ ಮೇಲೆ ಉಗುರಿಟ್ಟ:
"ಇಲ್ಲಿ ಕಂಡಿಕಿ ಮುಗದದ."
ಇಲ್ಲ. ಅಲ್ಲಿ ನೂಲು ಮುಗಿದಿಲ್ಲ, ಎರಡು ಬಂದಿವೆ.
ಇದ್ದದ್ದಕ್ಕೆ ಇದ್ದದ್ದು ಕೂಡಿ
ಇಲ್ಲವಾದ ಜಾಗ ಅದು.

ಲಾಳಿ ನಾಲ್ಕು ಸಲ ಹೋಗಿ ಬಂತು.
"ನಾಳಿ ಮತ್ತ ಮಾಡಿದ್ರ ಇದ ಡಿಜೈನ ಬರ್ತದೇನು?"
ಪಟ್ಟಿ ಬರುತ್ತದೆ, ಇಷ್ಟೇ ಅಗಲ.
ಕಪ್ಪು ಎಲ್ಲಿ ಬೀಳುವುದೆಂದು ಮಾತ್ರ
ಮೊದಲೇ ಆ ಮೋಡಗಳಿಗೂ ಗೊತ್ತಿರುವುದಿಲ್ಲ.
ನೂರು ಫೋಟೊ ಒಂದರ ಮೇಲೊಂದು ಒಟ್ಟಿದರೆ
ಬರೀ ಬೂದಿ ಬಣ್ಣ.
"ಹಂಗಾದ್ರ ಸೇಠ ಸೆಕೆಂಡ್ಸಿನಾಗ ಹಾಕ್ತಾನ"
ಎಂದು ನಕ್ಕ. ಹಲ್ಲಿನ ಸಂದಿಯಲ್ಲಿ ತಂಬಾಕು.

ಆಗಲೇ ದೀಪ ಮಂಕಾಗಿ, ಮೋಟರುಗಳು
ನಿಂತಲ್ಲೇ ಗುಂಯ್ ಎಂದು ನರಳಿ,
"ಒಂದ್ ಫೇಸ್ ಹೋತು!"
ಮೂಲೆಯಿಂದ ಮಲಕಾರಿ ಓಡಿ ಮೇನ್ ಸ್ವಿಚ್ ಇಳಿಸಿದ.
ನನ್ನ ಕಿವಿಯೊಳಗೆ ಶೆಡ್ಡು ಇನ್ನೂ ನಡೆಯುತ್ತಿತ್ತು.

ಇದೇ ಮಾತು, ಅಂದೆ. ಅವರೂ ಇದನ್ನು ಫೇಸ್ ಅನ್ನುತ್ತಾರೆ.
ಒಂದೇ ಮೋಡ ಇದ್ದಾಗ ಅದರ ಫೇಸ್ ಎಷ್ಟೆಂದು
ಕೇಳುವ ಹಾಗಿಲ್ಲ.
ಇನ್ನೊಂದು ಬಂದು ತಾಕಬೇಕು.

ಮನೆಯಲ್ಲಿ ತೆಲುಗು, ಸೇಠನೊಡನೆ ಮರಾಠಿ, ನನ್ನೊಡನೆ ಕನ್ನಡ.
ಅಂಬಾದಾಸ ಈಗ ಯಾವುದನ್ನೂ ಆಡದೆ
ಕುತ್ತಿಗೆ ಒರೆಸಿಕೊಂಡು, ಫೋಟೊವನ್ನು ಮಗ್ಗದ ಮೇಲೆ ಹಾಸಿ,
ನೂಲೆಣಿಸುವ ಭೂತಗನ್ನಡಿಯನ್ನು ಪಟ್ಟಿಗಳ ಮೇಲಿಟ್ಟ.

ಕರೆಂಟು ಬಂತು. ಮಗ್ಗಗಳು ಒಂದರ ಹಿಂದೊಂದು ಎದ್ದವು,
ಯಾವುದೂ ಯಾವುದರ ತಾಳಕ್ಕೂ ಇಲ್ಲ.
ಬಗ್ಗಿದವನ ತುಟಿ ಅಲುಗುತ್ತಿತ್ತು.
ಯಾವ ಭಾಷೆಯಲ್ಲಿ ಎಣಿಸಿದನೋ
ಆ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ.