ಕೆಂಪು ಬೀಗ

ರಾತ್ರಿ ಒಂದೂವರೆಗೆ ಬಾಗಿಲು ಬಡಿದರು.
ಕುಯಿಸೆಬ್ಮಂಡಿನ ನಮ್ಮ ಗಲ್ಲಿಯಲ್ಲಿ
ಕಡಲ ಮಂಜು ಬೀದಿದೀಪ ನುಂಗಿ ಕೂತಿತ್ತು.
"ಪೆಂಡಾ, ನಿನ್ನ ಬೀಗ" ಎಂದ ಕಾರ್ಖಾನೆಯ ಡ್ರೈವರು.
ಇನ್ನೊಂದು ಮಾತಿಲ್ಲ.
ಗೂಟದ ಮೇಲಿನ ಪ್ಯಾಂಟಿನ ಜೇಬು ತಡಕಿದೆ.
ಕೀಲಿಕೈ ಇತ್ತು,
ಮಗಳು ಚೀಪಿ ಬಿಟ್ಟ ಪೆಪ್ಪರಮಿಂಟಿಗೆ ಅಂಟಿಕೊಂಡು.

ವಾಲ್ವಿಸ್ ಕೊಲ್ಲಿಯ ಮೀನಿನ ಕಾರ್ಖಾನೆಯಲ್ಲಿ
ಗೋಡೆಯೂ ಬೆವರುತ್ತದೆ, ಉಪ್ಪು ಬೆವರು.
ಸಂಜೆ ಮೂರನೇ ಬೆಲ್ಟಿನ ಹೊಟ್ಟೆಯೊಳಗೆ ಅಂಗಾತ ಮಲಗಿ
ಸುಲಿದುಹೋದ ಕೇಬಲ್ಲಿಗೆ ಹೊಸ ತೊಗಲು ಹಾಕಿದ್ದೆ.
ಒಳಹೋಗುವ ಮೊದಲು ಮೇನ್ ಇಳಿಸಿ
ಬೀಗ ಜಡಿದಿದ್ದೆ, ನನ್ನದೇ ಕೆಂಪು ಬೀಗ,
ಮೇಲೆ ಬಿಳಿ ಬಣ್ಣದಲ್ಲಿ ನನ್ನ ಹೆಸರು.
ಸೈರನ್ ಕೂಗಿತು.
ನಾನು ಹೊರಟೆ, ಹೆಸರು ಉಳಿಯಿತು.

ಎಂಬತ್ತು ಜನ, ಬಿಳಿ ಗಂಬೂಟು, ನೀಲಿ ಟೋಪಿ,
ನಿಂತ ಬೆಲ್ಟಿನ ಎರಡೂ ಪಕ್ಕ ಕೈಕಟ್ಟಿ ನಿಂತಿದ್ದರು.
ರಾಶಿಯಲ್ಲಿ ಮೀನಿನ ಕಣ್ಣು ಮಂಕಾಗುತ್ತಿತ್ತು.
ಐಸು ಕರಗಿ ಕರಗಿ ಪಾದ ಮುಳುಗುವಷ್ಟು ನೀರು.
ಮೇಲ್ವಿಚಾರಕ ಫಿಸಾಖಿಯ ಕೈಯಲ್ಲಿ
ಬೀಗ ತುಂಡರಿಸುವ ಕತ್ತರಿ, ಎರಡು ಮೊಳದ್ದು.
ಸ್ವಿಚ್ಚಿನ ಪೆಟ್ಟಿಗೆಗೆ ಬೆನ್ನು ಕೊಟ್ಟು
ಬೋರಲು ಬುಟ್ಟಿಯ ಮೇಲೆ ತುಯಾಕುಲಾ.
ನಮ್ಮ ಹಿರಿಯ ಎಲೆಕ್ಟ್ರಿಷಿಯನ್.
ಮೂರು ತಾಸಿನಿಂದ ಎದ್ದಿರಲಿಲ್ಲವಂತೆ.

"ಮನೆಗೆ ಹೋಗಿದ್ದಾನೆ, ಗೇಟಿನ ಪುಸ್ತಕದಲ್ಲಿ ಸಹಿ ಇದೆ."
"ಸಹಿ ಹೋಗಿರಬಹುದು, ಬೀಗ ಇಲ್ಲಿದೆ.
ಬೀಗ ಇರುವ ತನಕ ಪೆಂಡಾ ಒಳಗಿದ್ದಾನೆ."
"ಇಣುಕಿ ನೋಡಿದೆವಲ್ಲ, ಯಾರೂ ಇಲ್ಲ!"
"ನಿಮ್ಮ ಟಾರ್ಚಿಗೆ ಕಂಡಿಲ್ಲ ಅನ್ನಿ."
ಅಷ್ಟು ಹೇಳಿ ಅವಳೂ ಬಾಯಿಗೆ ಬೀಗ ಹಾಕಿಕೊಂಡಳಂತೆ.

ಅವಳ ಎಡಗೈಯಲ್ಲಿ ಉಂಗುರದ ಬೆರಳಿಲ್ಲ.
ಕೇಳಿದವರಿಗೆ, "ನನ್ನ ಮದುವೆಯುಂಗುರ ಕರೆಂಟಿಗೂ ಹಿಡಿಸಿತು" ಎನ್ನುತ್ತಾಳೆ.
ಕೆಲಸಕ್ಕೆ ಸೇರಿದ ದಿನವೇ ನನ್ನದನ್ನು ಸೋಪು ಹಚ್ಚಿ ಕಿತ್ತಿದ್ದಳು.
ಅಂದಿನಿಂದ ಅದು ಹಗಲೆಲ್ಲ
ಅವಳ ಊಟದ ಡಬ್ಬಿಯಲ್ಲಿ ಇರುತ್ತದೆ,
ಸಂಜೆ ಮೀನಿನ ಸಾರಿನ ವಾಸನೆ ಹೊತ್ತು ಬರುತ್ತದೆ.

ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ.
"ಬೂಟು?" ಎಂದಳು.
ಹವಾಯಿ ಚಪ್ಪಲಿಯಲ್ಲಿ ಓಡಿ ಬಂದಿದ್ದೆ.
ಒಣಗಿದ ಬೂಟು ಹುಡುಕಿ ತರುವ ತನಕ
ಎಂಬತ್ತು ಜನ ನನ್ನ ಪಾದ ನೋಡಿದರು.

ಕೀಲಿಕೈ ಚಾಚಿದೆ.
"ಮೊದಲು ಒಳಗೆ ನೋಡಿ ಬಾ."
"ಒಳಗಿದ್ದವನು ನಾನೇ ಅಲ್ಲವಾ?"
"ಅದಕ್ಕೇ."

ತೆವಳಿದೆ.
ಟಾರ್ಚಿನ ಬೆಳಕಿಗೆ ಹೊಳೆದದ್ದು ನನ್ನ ಇಕ್ಕಳ.
ಪಕ್ಕದಲ್ಲಿ ಜಂಕ್ಷನ್ ಡಬ್ಬಿ ಬಾಯಿ ತೆರೆದು,
ಮುಚ್ಚಳ ಒಂದು ಕಡೆ,
ನಾಲ್ಕು ತಿರುಪು ಸಾಲಾಗಿ,
ಸೈರನ್ ಕೂಗಿದಾಗ ಇಟ್ಟಂತೆಯೇ.
ಕೆಳಗೆ ನೀರು.
ನೀರಿನಲ್ಲಿ ಎಂಬತ್ತು ಜೊತೆ ಬೂಟು.

ನನ್ನ ಕೈ ನನ್ನ ಮಾತು ಕೇಳಲಿಲ್ಲ ಸ್ವಲ್ಪ ಹೊತ್ತು.

ಆಮೇಲೆ ಅವಳು ಕಲಿಸಿದ್ದ ಪಾಠ:
ಟೆಸ್ಟರು ಮೊದಲು ಜೀವವಿರುವ ಪಾಯಿಂಟಿಗೆ,
ಆಮೇಲೆ ಸತ್ತ ತಂತಿಗೆ,
ಮತ್ತೆ ಜೀವವಿರುವುದಕ್ಕೆ.
ಸತ್ತದ್ದು ತಂತಿಯೋ ಟೆಸ್ಟರೋ ತಿಳಿಯಬೇಕಲ್ಲ.
ಡಬ್ಬಿ ಒರೆಸಿ ಒಣಗಿಸಿ ಮುಚ್ಚಿದೆ.
ಒಂದು ತಿರುಪು ಎರಡು ಸಲ ಬಿದ್ದಿತು.
ಇಕ್ಕಳ ಹಿಡಿದು ಹೊರಬಂದೆ.
ತುಯಾಕುಲಾ ಇಕ್ಕಳ ನೋಡಿದಳು,
ನನ್ನನ್ನು ನೋಡಲಿಲ್ಲ.
ಮೊಣಕಾಲು ಹಿಡಿದು ಎದ್ದು
ಪೆಟ್ಟಿಗೆಯ ಮುಂದಿನಿಂದ ಸರಿದಳು.

ಬೀಗ ತೆಗೆದೆ.
ಬೆಲ್ಟು ನರಳಿ ಹೊರಟಿತು.

ಎರಡು ದಿನದ ಕೂಲಿ ಮುರಿದರು, ನನ್ನದೂ, ಅವಳದೂ.
ಅವಳದ್ದೇಕೆ ಎಂದು ಯಾರೂ ಕೇಳಲಿಲ್ಲ,
ನಾನೂ ಕೇಳಲಿಲ್ಲ.
ಅದೊಂದು ಇನ್ನೂ ಚುಚ್ಚುತ್ತದೆ.

ಬೆಳಿಗ್ಗೆ ಮಗಳು ಜೇಬಿಗೆ ಕೈಹಾಕಿ
"ಇದು ಯಾವ ಬಾಗಿಲಿನ ಕೀಲಿಕೈ?" ಎಂದಳು.
ಬಾಗಿಲೇ ಇಲ್ಲದ ಬೀಗದ್ದು ಎಂದೆ.
ನಂಬದೆ
ನಾಲಿಗೆಗೆ ತಾಗಿಸಿ ನೋಡಿದಳು.
ಉಪ್ಪು, ಎಂದಳು.