ಏಳು ಸೆಕೆಂಡು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು,
ಅಂದೆ ನಾನು, ಔಷಧಿ ಅಂಗಡಿಯ ಕೌಂಟರಿನ ಹಿಂದೆ
ಅವಳ ರಕ್ತದೊತ್ತಡದ ಮಾತ್ರೆ ಎಣಿಸುತ್ತ.
ವಿಲ್ಮಾ ಹ್ರಡೆಕ್ ನಕ್ಕಳು.
‘ಸುಳ್ಳು. ಆಡಿದ ಮೇಲೂ ಏಳು ಸೆಕೆಂಡು
ಅದು ಎಲ್ಲಿಗೂ ಹೋಗುತ್ತಿರಲಿಲ್ಲ.
ನನ್ನ ಹೆಬ್ಬೆರಳಿನ ಕೆಳಗೇ ಕೂತಿರುತ್ತಿತ್ತು.’

ಒಹಾಯೊ ನದಿ ಮೊಣಕೈ ಮಡಿಸಿದಲ್ಲಿ ಟಿಲ್ಮನ್ಸ್ ಫೆರಿ,
ಗುಡ್ಡದ ಮೇಲೆ ಅದರ ರೇಡಿಯೊ ಕಂಬ.
ಇಪ್ಪತ್ತಾರು ವರ್ಷ ಅಲ್ಲಿ ಅವಳ ಕೆಲಸ:
ಫೋನಿನಲ್ಲಿ ಜನ ಆಡಿದ್ದನ್ನು ಏಳು ಸೆಕೆಂಡು ತಡೆದು
ಬೈಗುಳ ಬಂದರೆ ಗುಂಡಿ ಒತ್ತಿ ನುಂಗಿಸುವುದು,
ರಾತ್ರಿಯ ಮರುಪ್ರಸಾರಕ್ಕೆ
ಟೇಪನ್ನು ಬ್ಲೇಡಿನಿಂದ ಕೊಯ್ದು ಅಂಟಿಸುವುದು.
ಕೊಯ್ದ ಚೂರುಗಳನ್ನು ಎಸೆದಿಲ್ಲ.
ಬಿಸ್ಕತ್ತಿನ ಡಬ್ಬಿಯಲ್ಲಿವೆ, ಕಂದು, ಗುಂಗುರು,
ಕ್ಷೌರದಂಗಡಿಯ ನೆಲದ ಕೂದಲಿನ ಹಾಗೆ.

ಆಮೇಲೆ ಕಂಪನಿ ಬಂತು. ಕಂಬ ಕೊಂಡಿತು,
ನದಿಯಾಚೆಯ ಎರಡು ಸ್ಟೇಷನ್, ವಾರದ ಪತ್ರಿಕೆ,
ಮನೆಮನೆಗೆ ಇಂಟರ್ನೆಟ್ ತರುವ ಕೇಬಲ್ಲನ್ನೂ.
ಹೋಟೆಲಿನ ಬೋರ್ಡು ಐದು, ಒಳಗೆ ಒಂದೇ ಒಲೆ.
ಈಗ ‘ಶುಭೋದಯ, ಕಣಿವೆಯ ಜನರೇ’ ಎನ್ನುವ ದನಿ
ಸಾವಿರದಿನ್ನೂರು ಮೈಲಿ ದೂರದಲ್ಲಿ
ಮಂಗಳವಾರವೇ ಮಾತು ಮುಗಿಸಿ ಮನೆಗೆ ಹೋಗಿ
ಗುರುವಾರದ ಬಿಸಿಲನ್ನು ಹೊಗಳುತ್ತದೆ.
ಗುಂಡಿ ಒತ್ತಲು ಯಾರೂ ಬೇಡ.
ಫೋನೇ ಎತ್ತದವನಿಗೆ ಬೈಗುಳದ ಭಯವೇನು?

ಮಾರ್ಚಿಯ ಒಂದು ನಸುಕು
ನಲ್ಲಿ ನೀರಿಗೆ ಸುಟ್ಟ ಬಾದಾಮಿಯ ವಾಸನೆ.
ರೇಡಿಯೊ ಹಾಕಿದರೆ ಕಾರಿನ ಜಾಹೀರಾತು.
ಜನ ಫೋನು ಮಾಡಿದರು. ಬೀಗ ಬಿದ್ದ ಕೋಣೆಯಲ್ಲಿ
ಅದು ಹೊಡಕೊಂಡಿತು, ಹೊಡಕೊಂಡಿತು.
ವಿಲ್ಮಾಳ ಹತ್ತಿರ ಹಳೆಯ ಕೀ ಇತ್ತು.
ಒಳಗೆ ಮೈಕಿಲ್ಲ. ಕುರ್ಚಿಯಿಲ್ಲ,
ಕಾರ್ಪೆಟ್ಟಿನಲ್ಲಿ ಕುರ್ಚಿಯ ನಾಲ್ಕು ಗುಳಿ.
ಫ್ರಿಜ್ಜಿನ ಹಾಗೆ ಗುಂಯ್‌ಗುಡುವ ಒಂದು ಪೆಟ್ಟಿಗೆ.
ಅದೇ ಸ್ಟೇಷನ್ನು.

ಲೈಬ್ರರಿಯ ತಂತಿ ಮಾತ್ರ ಕಂಪನಿಯದಲ್ಲ.
ರೈತರ ಹಳೆಯ ಟೆಲಿಫೋನ್ ಸಂಘ ತಾನೇ ನೆಲ ಅಗೆದು ಹೂತದ್ದು;
ಯಾರ ಮಾತನ್ನೂ ಮುಂದೆ ಬಿಡದು, ಯಾರದನ್ನೂ ಹಿಂದೆ ನಿಲ್ಲಿಸದು.
ಪೈಜಾಮದಲ್ಲೇ ಬಂದು ಬಾಗಿಲು ತೆಗೆದ ಎಮರಿ ಟೊಲಿವರ್.
‘ನೀರು ಕುಡಿಯಬೇಡಿ’ ಎಂದು ಟೈಪು ಮಾಡಿದಳು.
ಕಳಿಸುವ ಮುಂಚೆ ಬೆರಳು ನಿಂತಿತು.
ಒಂದು. ಎರಡು. ಮೂರು.
ಎಮರಿ ಬಾಯಿ ಬಿಡದೆ ಕಾದ.
ಏಳಾದ ಮೇಲೆ ಒತ್ತಿದಳು.

ಕೇಬಲ್ಲಿನ ಮನೆಗಳಲ್ಲಿ ಅದು
ತಿರುಗುತ್ತಲೇ ಇರುವ ಚಕ್ರವಾಗಿ ನಿಂತಿತಂತೆ,
ಕಾರಿನ ಜಾಹೀರಾತು ಮಾತ್ರ ಸಲೀಸಾಗಿ ಬಂತಂತೆ.
ಓದಿದವರು ಪಕ್ಕದ ಬಾಗಿಲು ಬಡಿದರು,
ಅವರು ಅದರ ಪಕ್ಕದ್ದು.
ನನ್ನದು ಬಡಿದಾಗ
ಕಾಫಿಗೆ ನೀರು ಆಗಲೇ ಕುದಿಯುತ್ತಿತ್ತು.

ಊರು ಅವಳಿಗೆ ಕೇಕು ತಂದಿತು. ಮುಟ್ಟಲಿಲ್ಲ.
ಒಂದು ಸಂಜೆ ಕರೆದು ಡಬ್ಬಿ ತೆರೆದಳು.
ಒಂದು ಚೂರಿಗೆ ಪೆನ್ಸಿಲಿನ ತಾರೀಕು, ಹತ್ತೊಂಬತ್ತು ವರ್ಷ ಹಿಂದಿನದು.
ಯಂತ್ರಕ್ಕೆ ಹಾಕಿದಳು.
ಗಂಡಸಿನ ಕೆಮ್ಮು. ಆಮೇಲೆ:
‘ಆರನೇ ಟ್ಯಾಂಕಿನ ತಳ ತೂತಾಗಿದೆ, ನಾನೇ ನೋಡಿ—’

‘ಇದು ಬೈಗುಳವಲ್ಲ,’ ಅಂದಳು.
‘ಕಾರ್ಖಾನೆಯವರು ನಮಗೆ ಜಾಹೀರಾತು ಕೊಡುತ್ತಿದ್ದರು.
ಆಗ ಯಜಮಾನ ದೂರದವನಲ್ಲ,
ನಮ್ಮ ಬೀದಿಯವನೇ, ನಮ್ಮ ಚರ್ಚಿನವನೇ.
ಗಾಜಿನಾಚೆಯಿಂದ ಕಣ್ಣು ಮಾಡಿದ. ನಾನು ಒತ್ತಿದೆ.’

ಯಾರು ಅವನು, ಕೆಮ್ಮಿದವನು?
‘ಹೆಸರು ಕೇಳಲಿಲ್ಲ. ಹೊತ್ತೆಲ್ಲಿತ್ತು?
ಏಳೇ ಸೆಕೆಂಡು.’

ನಾಳೆ ಇದನ್ನು ಎಮರಿಗೆ ಕೊಡುತ್ತಾಳಂತೆ,
ಯಾರು ಬೇಕಾದರೂ ಕೇಳುವ ಹಾಗೆ ಹಾಕಲಿ,
ಒತ್ತಿದವಳ ಹೆಸರು ಸಮೇತ.

ಸಮಾಧಾನದ ಮಾತೊಂದು ನನ್ನ ನಾಲಿಗೆಯ ತುದಿಗೆ ಬಂತು.
ಎಣಿಸಿದೆ.
ಆಡಲಿಲ್ಲ.