ಚಿಲ್ಲರೆ

ಬೆಲೇಮಿನಲ್ಲಿ ಯಾರೂ ಗಂಟೆ ಕೇಳುವುದಿಲ್ಲ.
"ಮಳೆಗೆ ಮುಂಚೆಯೋ, ಮಳೆಯ ಮೇಲೋ?" ಅಷ್ಟೇ.
ನಾನು ಮುಂಚೆಯೇ ಹೊರಡುತ್ತೇನೆ.
ಬೆವರು ಹೇಗೂ ತೋಯಿಸಿರುತ್ತದೆ,
ಮಳೆ ಬಂದು ಹೊಸದಾಗಿ ಮಾಡುವುದೇನಿದೆ.

ಚೀಲದಲ್ಲಿ ಹಣ್ಣು ಹೆಚ್ಚುವ ಚೂರಿ, ಒದ್ದೆ ಪೇಪರು, ಕೊಡೆ.
ಕೊಡೆ ಬಿಸಿಲಿಗಲ್ಲ, ಮಳೆಗೂ ಅಲ್ಲ;
ಎತ್ತರದ ಕೊಂಬೆ ಬಾಗಿಸಲು.

ಮೂವತ್ತೊಂದು ವರ್ಷ ಬಸ್ಸಿನೊಳಗೆ
ತಿರುಗುಗಂಬಿಯ ಪಕ್ಕದ ಎತ್ತರದ ಕುರ್ಚಿಯಲ್ಲಿ
ಅಡ್ಡ ಕೂತು ಕಾಸು ಎಣಿಸಿದವಳು.
ಊರೆಂದರೆ ನನಗೆ
ಜನರ ಮೊಣಕೈ ಸೊಂಟಗಳ ಸಂದಿಯಲ್ಲಿ
ಗೇಣಗಲ ಕಿಟಕಿ:
ಹಸಿರು, ಹಸಿರು, ಒಂದು ಕೆಂಪು,
ಮತ್ತೆ ಯಾರದೋ ಬೆನ್ನು.
ಆ ಕೆಂಪು ಯಾವುದು?
ಮುಂದಿನ ಸುತ್ತಿಗೆ ನೋಡೋಣ ಎಂದುಕೊಂಡೆ.
ಮುಂದಿನ ಸುತ್ತಿಗೆ ಬೇರೆ ಬೆನ್ನು.

ಕಡೆಗೆ ಕಾಸೆಣಿಸುವ ಪೆಟ್ಟಿಗೆ ಬಂತು,
ನನ್ನ ಕುರ್ಚಿ ಕಿತ್ತರು.
ಈಗ ಅದೇ ದಾರಿ ನಡೆಯುತ್ತೇನೆ.
ಊರು ನನಗೆ ಚಿಲ್ಲರೆ ಬಾಕಿ ಇಟ್ಟಿದೆ;
ಕಡ್ಡಿ ಕಡ್ಡಿಯಾಗಿ ವಸೂಲಿ.

ನಝರೆ ಬೀದಿಯ ಉದ್ದಕ್ಕೂ ಮಾವು,
ನೆತ್ತಿಗೆ ನೆತ್ತಿ ತಾಗಿಸಿ.
ಕಾರಿನ ಗಾಜಿಗೆ ಹಣ್ಣು ದಪ್ಪನೆ ಬಿದ್ದರೆ
ಯಜಮಾನ ಬೈಯುವುದು ಮರವನ್ನಲ್ಲ, ಮೇಯರನ್ನು.
ಹಣ್ಣನ್ನು ಒರೆಸಿ ತಿನ್ನುತ್ತಾನೆ.
ಇದೂ ಎಂದೋ ಸಮುದ್ರ ದಾಟಿ ಯಾರದೋ ಗಂಟಿನಲ್ಲಿ
ಕದ್ದು ಬಂದ ಗೊರಟೆಯೇ ಇರಬೇಕು,
ಇಷ್ಟು ಹುಲುಸಾಗಿ ಹಿಡಿಯಬೇಕಾದರೆ.

ಕೇಳಿ ತಂದದ್ದು ಕೊಳೆಯುತ್ತದೆ, ಕದ್ದು ತಂದದ್ದು ಚಿಗುರುತ್ತದೆ:
ಗ್ವಾಮಾ ಸಂತೆಯಲ್ಲಿ ಬೇರುನಾರು ಮಾರುವ ಓಸ್ಮಾರಿನಾ ಹೇಳಿದ್ದು.
ಅವಳ ಅಂಗಡಿಯಿಂದಲೇ ಕದ್ದ ದಿನ ಮಾತ್ರ
ಮಾತು ಬದಲಿಸಿದಳು.
ಅದು ತಜಾ. ಕೆಸುವಿನಂಥ ಎಲೆ,
ಮೇಲೆ ಕೆಂಪು ಶಾಯಿ ಕೊಡವಿದ ಹಾಗೆ.
ಹೊಸ್ತಿಲಲ್ಲಿಟ್ಟರೆ ಕಳ್ಳರು ಸುಳಿಯುವುದಿಲ್ಲವಂತೆ.
ಗೆಡ್ಡೆ ಸಮೇತ ಎಗರಿಸಿದೆ.
ಈಗ ಮನೆಗೆ ಬಂದಾಗಲೆಲ್ಲ
ಎಲೆ ಹೊರಳಿಸಿ ನೋಡುತ್ತದೆ, ಈ ಕಳ್ಳಿಯನ್ನು.

ಹಳೇ ಪೇಟೆಯ ಗೋಡೆಗಳಲ್ಲಿ ಮಿರುಗುವ ನೀಲಿ ಬಿಲ್ಲೆ;
ಬಿಲ್ಲೆ ಉದುರಿದಲ್ಲಿ ಜರಿಗಿಡ.
ಸೂರು ಕುಸಿದ ಮಾಳಿಗೆಯಲ್ಲೊಂದು ಅತ್ತಿಯ ಜಾತಿಯ ಮರ
ಕಿಟಕಿಯಾಚೆ ಕೈ ಚಾಚಿದೆ,
ಬೈದರೂ ಒಳಗೆಳೆದುಕೊಳ್ಳದ ಪ್ರಯಾಣಿಕನ ಹಾಗೆ.
ಅದರ ಬುಡದಲ್ಲಿ, ಗೇಟಿನೊಳಗೆ
ಆ ಕೆಂಪು.

ಹೂವಲ್ಲ, ಚಿಗುರು.
ಎಂಟು ದಿನ ಕೆಂಪಗಿದ್ದು ಹಸಿರಲ್ಲಿ ಕಳೆದುಹೋಗುವಂಥದು.
ಕೊಡೆಯ ಕೊಕ್ಕೆ ಚಾಚಿದೆ.

"ಅದು ಬೇಡ, ಎಳಸು."
ಒಳಗಿಂದ ಬನಿಯನ್ನು ತೊಟ್ಟ ಕಾವಲುಗಾರ, ಮುದುಕ ಗೆನೆಸಿಯೊ.
"ಕೆಳಗಿನದು ಬಲಿತಿದೆ. ಚೂರಿ ಕೊಡು."
ಗೆಣ್ಣಿನ ಕೆಳಗೆ, ಓರೆಯಾಗಿ, ಒಂದೇ ಏಟಿಗೆ ಕೊಯ್ದ.
"ಹೆಂಡತಿ ನೆಟ್ಟದ್ದು. ಹೆಸರು ಹೇಳಿದ್ದಳು,
ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.
ನಿನಗೆ ಗೊತ್ತಿರಬೇಕಲ್ಲ?"

ಎಲೆ ಮುರಿದು ಮೂಸಿದೆ. ಹಾಲಿಲ್ಲ.
ಬೆನ್ನ ಮೇಲೆ ನವಿರು, ಅಂಚಿಗೆ ಗರಗಸ.
ಚರಂಡಿಯ ಪೈರನ್ನೂ ಹೆಸರು ಹಿಡಿದು ಮಾತಾಡಿಸುವ ನಾನು
ಗೊತ್ತಿಲ್ಲ ಎಂದೆ.
ಏನಾದರೂ ಒಂದು ಹೇಳಬಹುದಿತ್ತು.

ಮಳೆ ಬಂತು, ಹೇಳಿದ ಹೊತ್ತಿಗೆ.
ಉಳಿದ ಮೂರು ಮೊಳ ಸೂರಿನ ಕೆಳಗೆ
ಇಬ್ಬರೂ ನಿಂತೆವು, ಗೋಡೆಗೆ ಬೆನ್ನೊತ್ತಿ.
ಕೊಡೆ ಬಿಚ್ಚಲು ನೋಡಿದೆ, ಕಡ್ಡಿಗಳೆಲ್ಲ ಸೊಟ್ಟ.
ಅವನು ನಕ್ಕ.

ನನ್ನ ಕುಂಡಗಳಿಗೆ ನಿಲ್ದಾಣಗಳ ಹೆಸರು:
ಸಾವ್ ಬ್ರಾಸ್, ಬತಿಸ್ತಾ ಕಾಂಪೋಸ್, ಬಂದರು.
ನೀರೆರೆಯುವಾಗ ಸಾಲಾಗಿ ಒಂದು ಸುತ್ತು ಬರುತ್ತೇನೆ.
ಇದಕ್ಕೆ ಹೆಸರಿಲ್ಲ; ಅಲ್ಲಿ ಬಸ್ಸು ನಿಲ್ಲುತ್ತಿರಲಿಲ್ಲ.
ಕದ್ದದ್ದೂ ಅಲ್ಲ.

ಹನ್ನೊಂದು ದಿನವಾಯಿತು. ಇದ್ದೆರಡು ಎಲೆ ಉದುರಿದವು.
ಬೆಳಗಾದರೆ ಉಗುರಿನಿಂದ ತೊಗಟೆ ಗೀರುತ್ತೇನೆ,
ಕೂದಲೆಳೆಯಷ್ಟು:
ಒಳಗಿನ್ನೂ ಹಸಿ.
ಗುರುವಾರ ಹೋಗಿ ಹೇಳಬೇಕು ಅವನಿಗೆ,
ಮಳೆಗೆ ಸ್ವಲ್ಪ ಮುಂಚೆ.